ಹೊರಡುವವರ ಊಟ: ಬೌರಿಂಗ್‌ಪೇಟೆ ಜಂಕ್ಷನ್ನಿನಿಂದ ದೇವನಹಳ್ಳಿಯ ಟರ್ಮಿನಲ್‌ವರೆಗೆ

ಪರದೇಶದ ವಿಮಾನ ಹತ್ತುವುದಕ್ಕೆ ಒಂದೆರಡು ಗಂಟೆ ಮುಂಚೆ, ನಿಲ್ದಾಣದ ಒಳಗೇ ಮೇಜಿನ ಮುಂದೆ ಕುಳಿತು, ಊಟದ ಪಟ್ಟಿ ನೋಡಿ, ಬೇಕಾದುದನ್ನು ತರಿಸಿಕೊಂಡು ಉಣ್ಣುವ ವಾಡಿಕೆ ಕರ್ನಾಟಕದ ಮಟ್ಟಿಗೆ ತೀರ ಈಚಿನದು. ಆದರೆ ಅದರ ಬೇರುಗಳನ್ನು ಹುಡುಕಬೇಕಾದದ್ದು ರೈಲಿನ ಚರಿತ್ರೆಯಲ್ಲಿ. ವಾಹನ ತನ್ನ ವೇಳೆಗೆ ತಾನು ಹೊರಡುತ್ತದೆ, ಅದಕ್ಕಾಗಿ ಜನ ಒಂದು ಕಟ್ಟಡದಲ್ಲಿ ಕಾಯಬೇಕು, ಕಾಯುವಾಗ ಹಸಿವಾಗುತ್ತದೆ ಎಂಬ ಮೂರು ಸಂಗತಿಗಳು ಮೊದಲ ಬಾರಿಗೆ ಒಟ್ಟುಗೂಡಿದ್ದು ಹತ್ತೊಂಬತ್ತನೆಯ ಶತಮಾನದ ರೈಲು ನಿಲ್ದಾಣದಲ್ಲಿ, ಮತ್ತು ಆ ಹಸಿವನ್ನು ಯಾರ ಪಕ್ಕ ಕುಳಿತು ತೀರಿಸಿಕೊಳ್ಳಬೇಕು ಎಂಬ ಪ್ರಶ್ನೆ ಬಿಗಿಯಾದದ್ದೂ ಅಲ್ಲಿಯೇ. ಈ ಚರಿತ್ರೆಯನ್ನು ನೋಡಲು ಕೆಜಿಎಫ್ ಎಂದು ಕರೆಯುವ ಕೋಲಾರ ಚಿನ್ನದ ಗಣಿ ಪ್ರದೇಶ, ಅದರ ಪೇಟೆಯಾದ ರಾಬರ್ಟ್‌ಸನ್‌ಪೇಟೆ, ಅದರ ಹೆಬ್ಬಾಗಿಲಾದ ಬಂಗಾರಪೇಟೆ ಇವುಗಳಿಗಿಂತ ತಕ್ಕ ಜಾಗ ರಾಜ್ಯದಲ್ಲಿ ಸಿಗುವುದು ಕಷ್ಟ. ಲಂಡನ್ನಿನ ಕಂಪನಿಯ ಮೇಲಧಿಕಾರಿಯೂ ಉತ್ತರ ಆರ್ಕಾಟಿನಿಂದ ಬಂದ ಗಣಿಕೂಲಿಯೂ ಊರು ಬಿಡುವಾಗ ಹಿಡಿಯುತ್ತಿದ್ದದ್ದು ಸುಮಾರು 16 ಕಿಲೋಮೀಟರ್ ಉದ್ದದ ಅದೇ ಕವಲು ಹಳಿಯನ್ನು, ಗಾಡಿ ಬದಲಿಸುತ್ತಿದ್ದದ್ದು ಅದೇ ಜಂಕ್ಷನ್ನಿನಲ್ಲಿ. ಉಣ್ಣುತ್ತಿದ್ದದ್ದು ಮಾತ್ರ ಬೇರೆ ಬೇರೆ ಕಡೆ.

ರೈಲು ಬರುವುದಕ್ಕೆ ಮುಂಚೆ ದೂರ ಹೋಗುವವರ ಹೊಟ್ಟೆಗೆ ಇದ್ದ ಆಸರೆಗಳು ಮುಖ್ಯವಾಗಿ ಎರಡು, ಮನೆಯಿಂದ ಕಟ್ಟಿಕೊಂಡ ಬುತ್ತಿ ಮತ್ತು ದಾರಿಯ ಛತ್ರ. ಹೊರಡುವ ಮುನ್ನಿನ ಊಟವಂತೂ ಮನೆಯದ್ದೇ ಆಗಿತ್ತು, ಅದಕ್ಕೆ ಶಕುನದ ತೂಕವೂ ಇತ್ತು. ಮೊಸರನ್ನ ಉಂಡು ಹೊಸಲು ದಾಟಿದರೆ ಹೋದ ಕೆಲಸ ಕೈಗೂಡುತ್ತದೆ ಎಂಬ ನಂಬಿಕೆಯಿತ್ತು. ಒಳ್ಳೆಯ ಗಳಿಗೆ ಒಂದು ದಿನ, ಹೊರಡಲು ಸಾಧ್ಯವಾಗುವುದು ಇನ್ನೊಂದು ದಿನ ಎಂದಾದರೆ ಬಟ್ಟೆಯ ಗಂಟನ್ನೋ ಬೇರೊಂದು ಸಾಮಾನನ್ನೋ ಆ ಗಳಿಗೆಯಲ್ಲಿ ನೆರೆಮನೆಯಲ್ಲಿ ಇಟ್ಟು ಬರುವ ‘ಪ್ರಸ್ಥಾನ’ ಎಂಬ ಪದ್ಧತಿ, ಅಂದರೆ ಪ್ರಯಾಣ ಶಾಸ್ತ್ರಕ್ಕೆ ಆರಂಭವಾಯಿತು ಎಂದು ತೋರಿಸುವ ಕ್ರಮ, ಚಾಲ್ತಿಯಲ್ಲಿತ್ತು. ಬುತ್ತಿಗೆ ಕೆಲವರು ಪುಳಿಯೋಗರೆ, ಅವಲಕ್ಕಿ ಕಟ್ಟಿದರೆ, ಕೋಲಾರದ ಬಯಲುಸೀಮೆಯ ಒಕ್ಕಲುಮಕ್ಕಳು ರಾಗಿರೊಟ್ಟಿಯನ್ನೂ, ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟನ್ನೂ ಕಟ್ಟಿಕೊಳ್ಳುತ್ತಿದ್ದರು. ಛತ್ರದಲ್ಲಿ ಊಟ ಸಿಗುತ್ತಿದ್ದದ್ದು ಪಂಕ್ತಿಯ ಕ್ರಮದಲ್ಲಿ. ಜಾತಿಯನ್ನು ನೋಡಿ ಸಾಲನ್ನು ಬೇರೆ ಮಾಡುವ, ಒಂದು ಸಾಲಿಗೆ ಬಡಿಸಿದ್ದನ್ನು ಇನ್ನೊಂದಕ್ಕೆ ಬಡಿಸದಿರುವ ಪಂಕ್ತಿಭೇದ ಅಲ್ಲಿ ಸಹಜವೆನಿಸಿತ್ತು, ಮತ್ತು ಸಾಲಿಗೆ ಸೇರಲು ಅರ್ಹರಲ್ಲ ಎನಿಸಿಕೊಂಡವರಿಗೆ ಛತ್ರದ ಜಗಲಿಯೂ ಇರಲಿಲ್ಲ. ಕಡಲು ದಾಟುವವರ ಪಾಡು ಇನ್ನೂ ತೊಡಕಿನದು. ಕಡಲಾಚೆಯ ಅನ್ನನೀರು ಮೈಲಿಗೆ ಎಂಬ ಭಾವನೆ ಎಷ್ಟು ಗಟ್ಟಿಯಾಗಿತ್ತೆಂದರೆ 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೊರಟ ಜೈಪುರದ ಮಹಾರಾಜ ಎರಡನೆಯ ಮಾಧೋ ಸಿಂಗ್ ಆಳೆತ್ತರದ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲವನ್ನು ತುಂಬಿಸಿಕೊಂಡು ಹಡಗು ಹತ್ತಿದ. ಬುತ್ತಿ ಕಟ್ಟಿಕೊಳ್ಳುವ ಪದ್ಧತಿಯ ರಾಜವೈಭವದ ರೂಪವೆಂದೇ ಇದನ್ನು ಕರೆಯಬಹುದು.

ಮದ್ರಾಸಿನ ರಾಯಪುರಂನಿಂದ 1856ರಲ್ಲಿ ಮೊದಲ ಗಾಡಿಯನ್ನು ಓಡಿಸಿದ ಮದ್ರಾಸ್ ರೈಲ್ವೆ ಕಂಪನಿಯ ಕವಲೊಂದು ಜೋಲಾರ್‌ಪೇಟೆಯಿಂದ ಘಟ್ಟ ಹತ್ತಿ 1864ರಲ್ಲಿ ಬೆಂಗಳೂರು ದಂಡಿನ ನಿಲ್ದಾಣವನ್ನು ಮುಟ್ಟಿತು. ಆ ಹಾದಿಯಲ್ಲಿ ಬೆಳೆದ ಊರಿಗೆ 1862ರಿಂದ 1870ರವರೆಗೆ ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗನ ಹೆಸರು ಬಿದ್ದು ಬೌರಿಂಗ್‌ಪೇಟೆ ಎಂದಾಯಿತು. ಅದೇ ಇಂದಿನ ಬಂಗಾರಪೇಟೆ. ನಿವೃತ್ತ ಸೈನಿಕ ಮೈಕೇಲ್ ಲಾವೆಲ್ 1870ರ ದಶಕದಲ್ಲಿ ಈ ಭಾಗದ ಚಿನ್ನವನ್ನು ಅಗೆಯುವ ಹಕ್ಕನ್ನು ಮೈಸೂರು ಸರ್ಕಾರದಿಂದ ಪಡೆದ ಮೇಲೆ, ಮತ್ತು 1880ರ ವೇಳೆಗೆ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ ಸಂಸ್ಥೆ ಗಣಿಗಳ ಆಡಳಿತಕ್ಕೆ ಕೈಹಾಕಿದ ಮೇಲೆ, ಬೌರಿಂಗ್‌ಪೇಟೆ ದೊಡ್ಡ ಸಾಗಣೆಯ ಊರಾಯಿತು. 1894ರಲ್ಲಿ ಅಲ್ಲಿಂದ ಊರಿಗಾಂ, ಚಾಂಪಿಯನ್ ನಿಲ್ದಾಣಗಳ ಮೂಲಕ ಮಾರಿಕುಪ್ಪಂವರೆಗೆ ಹಳಿ ಬಿತ್ತು. ಗಣಿ ಕಂಪನಿಗಳ ಜಾಗದ ಹೊರಗೆ, ಪ್ಲೇಗಿನ ಹಾವಳಿಯ ನಂತರದ ವರ್ಷಗಳಲ್ಲಿ, ನೇರ ಬೀದಿಗಳನ್ನು ಗೆರೆ ಎಳೆದಂತೆ ಯೋಜಿಸಿ ಕಟ್ಟಿದ ಪೇಟೆಗೆ ಆಗಿನ ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರನ್ನಿಟ್ಟರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂದಾಗ ಮದ್ರಾಸು, ಬೊಂಬಾಯಿಗಳ ಹಡಗುಕಟ್ಟೆಗೆ ಹೋಗುವ ಹಳಿಯೂ ಇಲ್ಲಿ ಹಳೆಯ ಸಂಗತಿಯಾಗಿಬಿಟ್ಟಿತ್ತು. ಅದೇ ಹಳಿಯ ಮೇಲೆ ಚಿನ್ನದ ಗಟ್ಟಿಗಳೂ ಊರು ಬಿಡುತ್ತಿದ್ದವು, ಅವಕ್ಕೆ ಹಸಿವಿನ ತೊಂದರೆಯಿರಲಿಲ್ಲ.

ಮನುಷ್ಯರಿಗೆ ಇತ್ತು. ಆ ಕಾಲದ ಗಾಡಿಗಳಲ್ಲಿ ಊಟದ ಡಬ್ಬಿಗಳು, ಅಂದರೆ ಅಡುಗೆಮನೆ ಮತ್ತು ಮೇಜುಗಳಿರುವ ಬೋಗಿಗಳು, ಇರಲಿಲ್ಲ. ಬಂದ ಮೇಲೂ ಅವು ಕೆಲವೇ ಮೇಲ್ ಗಾಡಿಗಳಿಗೆ ಸೇರಿದ್ದವು, ಮತ್ತು ಒಂದು ಬೋಗಿಯಿಂದ ಇನ್ನೊಂದಕ್ಕೆ ಒಳಗಿನಿಂದಲೇ ದಾಟುವ ದಾರಿಯಿಲ್ಲದ್ದರಿಂದ ಊಟದ ಡಬ್ಬಿಗೆ ಹೋಗಬೇಕಾದವರು ಒಂದು ನಿಲ್ದಾಣದಲ್ಲಿ ಇಳಿದು ಹತ್ತಿ, ಮುಂದಿನ ನಿಲ್ದಾಣ ಬರುವ ತನಕ ಅಲ್ಲೇ ಕುಳಿತಿರಬೇಕಾಗಿತ್ತು. ಕೆಳದರ್ಜೆಯ ಬೋಗಿಗಳಿಗೆ ಶೌಚಾಲಯವೇ ಬಂದದ್ದು 1909ರ ಸುಮಾರಿಗೆ ಎಂಬುದನ್ನು ನೆನೆದರೆ ಊಟದ ಮಾತು ದೂರವೇ ಉಳಿಯಿತು. ಆದ್ದರಿಂದ ಗಾಡಿಯೇ ಊಟಕ್ಕಾಗಿ ನಿಲ್ಲುತ್ತಿತ್ತು. ಜೋಲಾರ್‌ಪೇಟೆ, ಅರಕ್ಕೋಣಂನಂತಹ ಜಂಕ್ಷನ್ನುಗಳಲ್ಲಿ ‘ರಿಫ್ರೆಶ್‌ಮೆಂಟ್ ರೂಮ್’ ಎಂದು ಫಲಕ ಹೊತ್ತ ಭೋಜನಶಾಲೆಗಳಿದ್ದವು, ಪ್ರವಾಸಿ ಕೈಪಿಡಿಗಳು ಅಂತಹ ನಿಲ್ದಾಣಗಳ ಹೆಸರಿನ ಪಕ್ಕ ಗುರುತು ಹಾಕುತ್ತಿದ್ದವು, ಮತ್ತು ಮೇಲಿನ ದರ್ಜೆಯ ಪ್ರಯಾಣಿಕರು ಗಾರ್ಡಿಗೆ ಹೇಳಿದರೆ ಮುಂದಿನ ಭೋಜನಶಾಲೆಗೆ ಇಷ್ಟು ಜನರ ಊಟ ಸಿದ್ಧವಿರಲಿ ಎಂದು ತಂತಿ ಹೋಗುತ್ತಿತ್ತು. ದಕ್ಷಿಣದಲ್ಲಿ ಮದ್ರಾಸಿನ ಸ್ಪೆನ್ಸರ್ ಕಂಪನಿ ಇಂತಹ ಭೋಜನಶಾಲೆಗಳ ಗುತ್ತಿಗೆಯಲ್ಲಿ ಹೆಸರು ಮಾಡಿತು. ಬಿಳಿಯ ಮೇಜುಬಟ್ಟೆ, ಪೇಟ ಸುತ್ತಿದ ಬೇರರ್, ಸೂಪು, ಕಟ್ಲೆಟ್ಟು, ಅನ್ನದ ಜೊತೆ ಖಾರ ತಗ್ಗಿಸಿದ ಮಾಂಸದ ಸಾರು, ಕೊನೆಗೆ ಕ್ಯಾರಮೆಲ್ ಕಸ್ಟರ್ಡು ಎಂಬ ಕ್ರಮ ಊರೂರಿಗೆ ಹೆಚ್ಚು ಬದಲಾಗುತ್ತಿರಲಿಲ್ಲ. ಎಲ್ಲಿ ಕುಳಿತರೂ ಒಂದೇ ರುಚಿ ಎಂಬುದನ್ನು ಇಂದು ವಿಮಾನ ನಿಲ್ದಾಣದ ಊಟದ ದೋಷವೆಂದು ಹೇಳುವವರುಂಟು. ಆಗ ಅದೇ ಭರವಸೆಯಾಗಿತ್ತು.

ಆ ಕೋಣೆಯ ಬಾಗಿಲಲ್ಲಿ ಎರಡು ಜರಡಿಗಳಿದ್ದವು. ಒಂದು ಹಣದ್ದು, ಇನ್ನೊಂದು ಹುಟ್ಟಿನದ್ದು. ಯೂರೋಪಿಯನ್ ಭೋಜನಶಾಲೆ ಮೇಲಿನ ದರ್ಜೆಯ ಟಿಕೆಟ್ಟಿನವರಿಗಾಗಿ ಇತ್ತು. ಮೂರನೆಯ ದರ್ಜೆಯವರಿಗೆ ಪ್ಲಾಟ್‌ಫಾರಮ್ಮಿನ ಮೇಲೆ ಹೊತ್ತು ಮಾರುವವರು, ಬುತ್ತಿ, ಇಲ್ಲವೇ ಉಪವಾಸ. ಭಾರತೀಯರಿಗೆಂದು ದೊಡ್ಡ ನಿಲ್ದಾಣಗಳಲ್ಲಿ ತೆರೆದ ಉಪಾಹಾರ ಗೃಹಗಳಲ್ಲಿ ಬ್ರಾಹ್ಮಣರಿಗೆ ಒಂದು ಭಾಗ, ಇತರರಿಗೆ ಒಂದು ಭಾಗ ಎಂದು ಫಲಕ ಹಾಕುತ್ತಿದ್ದರು. ಕುಡಿಯುವ ನೀರನ್ನೂ ಹಿಂದೂ ನೀರು, ಮುಸಲ್ಮಾನ ನೀರು ಎಂದು ಬೇರೆ ಬೇರೆ ಕೊಡುವ ಏರ್ಪಾಡು ದೇಶದ ಹಲವೆಡೆ ಇತ್ತು. ರೈಲು ಜಾತಿಯನ್ನು ಒಡೆಯುತ್ತದೆ ಎಂದು ಆ ಕಾಲದ ಸುಧಾರಕರು ಬಹಳ ನಂಬಿದ್ದರು, ಮತ್ತು ಬೋಗಿಯ ಹಲಗೆಯ ಮೇಲೆ ಅದು ಸ್ವಲ್ಪಮಟ್ಟಿಗೆ ನಿಜವೂ ಆಯಿತು. ಊಟದ ಕೋಣೆಯ ವಿಷಯದಲ್ಲಿ ಮಾತ್ರ ರೈಲ್ವೆ ಕಂಪನಿಗಳು ಛತ್ರದ ಪಂಕ್ತಿಭೇದವನ್ನು ಕೈಬಿಡಲಿಲ್ಲ, ಅದಕ್ಕೆ ಇಂಗ್ಲಿಷ್ ಅಕ್ಷರದ ಫಲಕವನ್ನು ಬರೆಸಿದವು ಅಷ್ಟೇ. ಕೋಲಾರದ ಗಣಿ ಕಾರ್ಮಿಕರಲ್ಲಿ ದೊಡ್ಡ ಪಾಲು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ದಲಿತರು. 1930ರಲ್ಲಿ ಹೆಬ್ಬೆಟ್ಟಿನ ಗುರುತು ಒತ್ತಿಸಿಕೊಳ್ಳುವ ನೋಂದಣಿ ಪದ್ಧತಿಯನ್ನು ಎದುರಿಸಿ ಗಣಿಗಳನ್ನೇ ನಿಲ್ಲಿಸಿದ ಈ ಜನಕ್ಕೆ, ಅದೇ ಗಣಿಯ ಚಿನ್ನ ಸಾಗುವ ದಾರಿಯ ಭೋಜನಶಾಲೆಗಳು ದರ್ಜೆಯ ಕಾರಣಕ್ಕೂ ಜಾತಿಯ ಕಾರಣಕ್ಕೂ ಮುಚ್ಚಿದ್ದವು. ಮಾರಿಕುಪ್ಪಂನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ತಮಿಳು ದಲಿತ ಚಿಂತಕ ಪಂಡಿತ ಅಯೋತಿ ದಾಸರ ಪ್ರೇರಣೆಯಿಂದ ಬೌದ್ಧ ಸಂಘ ಹುಟ್ಟಿಕೊಂಡದ್ದರ ಹಿನ್ನೆಲೆಯಲ್ಲಿ ಇಂತಹ ದಿನನಿತ್ಯದ ಬಾಗಿಲುಗಳ ಪಾತ್ರ ಎಷ್ಟೆಂಬುದನ್ನು ಚರಿತ್ರೆಕಾರರು ಇನ್ನಷ್ಟು ಗಮನಿಸಬೇಕಾಗಿದೆ.

ಕಡಲಾಚೆಗೆ ಹೊರಟ ಬಡವರ ಕಡೆಯ ಊಟ ಎಲ್ಲಾಯಿತು ಎಂದು ಕೇಳಿದರೆ ಉತ್ತರ ಮದ್ರಾಸಿನ ವಲಸೆ ಡಿಪೋಗಳಲ್ಲಿ ಸಿಗುತ್ತದೆ. ಬರಗಾಲ ಬಂದಾಗ ಆರ್ಕಾಟಿನ ಕೂಲಿಗೆ ಎರಡು ದಾರಿಗಳು ತೆರೆದಿರುತ್ತಿದ್ದವು: ಪಡುವಲಿಗೆ ನಡೆದು ಕೋಲಾರದ ಗಣಿ ಸೇರುವುದು, ಇಲ್ಲವೇ ಮೂಡಲಿಗೆ ನಡೆದು ಹಡಗು ಹತ್ತುವುದು. 1860ರಲ್ಲಿ ಮದ್ರಾಸಿನಿಂದ ‘ಟ್ರೂರೋ’ ಎಂಬ ಹಡಗು ನಟಾಲಿನ ಕಬ್ಬಿನ ತೋಟಗಳಿಗೆ ಕೂಲಿಗಳ ಮೊದಲ ತಂಡವನ್ನು ಕರೆದೊಯ್ದಿತು. 1917ರಲ್ಲಿ ಒಪ್ಪಂದದ ಕೂಲಿ ಪದ್ಧತಿ ನಿಲ್ಲುವವರೆಗೂ, ಗೊತ್ತಾದ ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿದವರನ್ನು ಹಡಗು ಬರುವ ತನಕ ಡಿಪೋದಲ್ಲಿ ಇರಿಸಿ, ವೈದ್ಯರಿಂದ ಪರೀಕ್ಷೆ ಮಾಡಿಸಿ, ಸಾಮೂಹಿಕ ಅಡುಗೆಯಿಂದ ಉಣಿಸಿ ಕಳಿಸುತ್ತಿದ್ದರು. ಸಿಲೋನಿಗೆ ಹೋಗುವವರಿಗೆ ಮಂಡಪಂನಲ್ಲಿ ಇಂತಹದೇ ತಂಗುದಾಣವಿತ್ತು. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಮುಂಚೆ, ಹೊರಡುವ ಜಾಗದಲ್ಲೇ, ಕಾಗದಪತ್ರ ಮತ್ತು ಆರೋಗ್ಯದ ತಪಾಸಣೆ ಮುಗಿಸಿ, ಬೇರೆಯವರು ಮಾಡಿದ ಅಡುಗೆಯನ್ನು ಉಂಡ ದಕ್ಷಿಣ ಭಾರತೀಯರ ಮೊದಲ ದೊಡ್ಡ ಸಮೂಹ ಇದೇ ಎಂಬುದು ವಿಮಾನ ನಿಲ್ದಾಣದ ಚರಿತ್ರೆಯನ್ನು ಬರೆಯುವವರ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಹಣ ತೆತ್ತು ಉಂಡವರನ್ನಷ್ಟೇ ಗಿರಾಕಿ ಎಂದು ಎಣಿಸುವ ಅಭ್ಯಾಸದ ಫಲವಿದು.

ಗಣಿಯ ದೊರೆಗಳ ಹೊರಡುವಿಕೆ ಬೇರೆಯೇ ಬಗೆಯದು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತವರದ ಗಣಿಗಳು ಸೊರಗಿದಾಗ ಅಲ್ಲಿಯ ಗಣಿಗಾರರು ಜಗತ್ತಿನ ಎಲ್ಲ ಗಣಿಗಳಿಗೂ ಚದುರಿದರು, ಕೋಲಾರಕ್ಕೂ ಬಂದರು. ಇಟಲಿಯಿಂದಲೂ ಕೆಲವರು ಬಂದರು. ಮಾಂಸ, ಆಲೂಗಡ್ಡೆಗಳನ್ನು ಹಿಟ್ಟಿನ ಹೊದಿಕೆಯಲ್ಲಿ ಮಡಿಚಿ ಸುಟ್ಟ ಪ್ಯಾಸ್ಟಿ ಎಂಬ ತಿನಿಸು ಕಾರ್ನ್‌ವಾಲಿನ ಗಣಿಗಾರನ ಬುತ್ತಿ, ಹುರಿಹಿಟ್ಟಿನ ಗಂಟಿಗೂ ಅದಕ್ಕೂ ಕೆಲಸದಲ್ಲಿ ವ್ಯತ್ಯಾಸವಿಲ್ಲ. 1885ರಲ್ಲಿ ಆರಂಭವಾದ ಕೆಜಿಎಫ್ ಕ್ಲಬ್ಬಿನಲ್ಲಿ ರಜೆಗೋ ನಿವೃತ್ತಿಗೋ ಊರಿಗೆ ಹೊರಟವರಿಗೆ ಔತಣಗಳಾಗುತ್ತಿದ್ದವು. ಆಮೇಲೆ ಬೌರಿಂಗ್‌ಪೇಟೆಯಲ್ಲಿ ಮೇಲ್ ಗಾಡಿ ಹಿಡಿದು ಮದ್ರಾಸಿಗೆ, ಇಲ್ಲವೇ ಅರಕ್ಕೋಣಂ, ಗುಂತಕಲ್, ರಾಯಚೂರುಗಳ ಮೂಲಕ ಬೊಂಬಾಯಿಯ ಹಡಗುಕಟ್ಟೆಗೆ ಪ್ರಯಾಣ, ದಾರಿಯುದ್ದಕ್ಕೂ ತಂತಿ ಹೊಡೆಸಿ ತರಿಸಿದ ಊಟ. ಇವರ ಮತ್ತು ಕೂಲಿಗಳ ನಡುವೆ ಯಂತ್ರಶಾಲೆ, ಕಚೇರಿ, ಆಸ್ಪತ್ರೆ, ಶಾಲೆಗಳಲ್ಲಿ ದುಡಿದ ಆಂಗ್ಲೋ-ಇಂಡಿಯನ್ ಸಮುದಾಯವಿತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಈ ಸಮುದಾಯದ ವಲಸೆ ದೇಶದಾದ್ಯಂತ ಮೊದಲಾಯಿತು. 1947ರ ಆಗಸ್ಟಿನಲ್ಲಿ ‘ಮನೂರಾ’ ಎಂಬ ಹಡಗು ಬೊಂಬಾಯಿಯಿಂದ ಏಳುನೂರರಷ್ಟು ಆಂಗ್ಲೋ-ಇಂಡಿಯನ್ನರನ್ನು ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿಗೆ ಒಯ್ದಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಊರಿಗಾಂ, ಚಾಂಪಿಯನ್ ರೀಫ್ ಕಡೆಯ ಬಂಗಲೆಗಳೂ ಒಂದೊಂದಾಗಿ ಖಾಲಿಯಾದವು. ಹಳದಿ ಅನ್ನ, ಕೊಬ್ಬರಿ ಹಾಲಿನ ಅಂಶವಿರುವ ‘ಬಾಲ್ ಕರಿ’ ಎಂಬ ಕೈಮದುಂಡೆಯ ಸಾರು, ‘ಪೆಪ್ಪರ್ ವಾಟರ್’ ಎಂದು ಕರೆಯುವ ಮೆಣಸಿನ ಸಾರು, ‘ರೈಲ್ವೆ ಮಟನ್ ಕರಿ’ ಇವು ಆ ಮನೆಗಳ ಊಟ. ಕೆಜಿಎಫ್‌ನಲ್ಲೇ ಬೆಳೆದ ಲೇಖಕಿ ಬ್ರಿಜೆಟ್ ವೈಟ್-ಕುಮಾರ್ ತಮ್ಮ ಅಡುಗೆ ಪುಸ್ತಕಗಳಲ್ಲಿ ಇವನ್ನು ದಾಖಲಿಸಿದ್ದಾರೆ. ಇವುಗಳಲ್ಲಿ ಕೊನೆಯ ಸಾರಿಗೆ ರೈಲಿನ ಹೆಸರಿರುವುದು ಆಕಸ್ಮಿಕವಲ್ಲ, ಅದು ಭೋಜನಶಾಲೆಗಳಿಂದಲೂ ಊಟದ ಡಬ್ಬಿಗಳಿಂದಲೂ ಇಳಿದು ಮನೆಗಳಿಗೆ ಬಂದು ನೆಲೆಸಿದ ಸಾರು.

ಫಲಕಗಳು ಒಂದೇ ದಿನದಲ್ಲಿ ಬೀಳಲಿಲ್ಲ. ದಕ್ಷಿಣದ ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲಿ ಬ್ರಾಹ್ಮಣರು, ಇತರರು ಎಂಬ ವಿಂಗಡಣೆಯ ವಿರುದ್ಧ ಪೆರಿಯಾರ್ ರಾಮಸ್ವಾಮಿ ಮತ್ತು ಅವರ ಸಂಗಡಿಗರು ನಡೆಸಿದ ಚಳವಳಿಯ ನಂತರ 1941ರಲ್ಲಿ ಆ ಪದ್ಧತಿ ಹಿಂದೆ ಸರಿಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳಿಗೆ ಪ್ರವೇಶಿಸುವಾಗ ಜಾತಿ, ಧರ್ಮ, ಲಿಂಗ, ಜನ್ಮಸ್ಥಳಗಳ ಆಧಾರದ ಮೇಲೆ ಯಾರನ್ನೂ ತಡೆಯಬಾರದೆಂದು ಬಿಡಿಸಿ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಂತಹ ತಡೆಯನ್ನು ಶಿಕ್ಷಾರ್ಹವಾಗಿಸಿತು. ಹೊಸದಾಗಿ ರೂಪುಗೊಂಡ ದಕ್ಷಿಣ ರೈಲ್ವೆಯೂ ಸೇರಿದಂತೆ ದೇಶದ ರೈಲ್ವೆಗಳ ಊಟದ ವ್ಯವಸ್ಥೆಯನ್ನು ಪರಿಶೀಲಿಸಲು 1954ರಲ್ಲಿ ಓ. ವಿ. ಅಳಗೇಶನ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಗಿ, ಗುತ್ತಿಗೆದಾರರ ಬದಲು ಇಲಾಖೆಯೇ ಅಡುಗೆಮನೆ ನಡೆಸುವ ಕ್ರಮ ಹಲವೆಡೆ ಬಂತು. ಈ ನಡುವೆ ಊರ ಬೀದಿಗಳಲ್ಲಿ ಉಡುಪಿ ಹೋಟೆಲು ಎಂಬ ಸಂಸ್ಥೆ ಬೆಳೆದು, ಮೇಜು ಕುರ್ಚಿಯಲ್ಲಿ ಕುಳಿತು ಅಪರಿಚಿತರ ಜೊತೆ ಇಡ್ಲಿ ದೋಸೆ ತಿನ್ನುವುದನ್ನು ಕನ್ನಡಿಗರಿಗೆ ರೂಢಿ ಮಾಡಿಸಿತು. ರೈಲು ನಿಲ್ದಾಣದ ಭೋಜನಶಾಲೆಗಿಂತ ಈ ವಿಷಯದಲ್ಲಿ ಹೋಟೆಲಿನ ಪಾತ್ರವೇ ದೊಡ್ಡದು ಎನ್ನಬೇಕು. 1924ರಲ್ಲಿ ಬೆಂಗಳೂರಿನಲ್ಲಿ ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಹೆಸರಿನಿಂದ ಆರಂಭವಾದ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಸುತ್ತಿ, ಅಲ್ಲಿಯ ಉಪಾಹಾರ ಗೃಹಗಳ ಶುಚಿತ್ವ ಮತ್ತು ಶಿಸ್ತನ್ನು ನೋಡಿ ಬಂದು ತಮ್ಮ ಅಡುಗೆಮನೆಯನ್ನೇ ಬದಲಿಸಿದರು; ಮುಂದೆ ಆ ಹೋಟೆಲು ಜಾತಿಸೂಚಕ ಹೆಸರನ್ನು ಬಿಟ್ಟು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು, 2013ರಲ್ಲಿ ಸಿಂಗಪುರದಲ್ಲೂ ಬಾಗಿಲು ತೆರೆಯಿತು.

ವಿಮಾನ ನಿಲ್ದಾಣದ ಊಟದ ಕೋಣೆಗೆ ಹೊರಜಗತ್ತಿನಲ್ಲಿ ದಾರಿ ತೋರಿಸಿದ್ದು ಇಂಧನ. 1930ರ ದಶಕದ ವಿಮಾನಗಳು ಒಂದೇ ಹಾರಾಟದಲ್ಲಿ ಹೆಚ್ಚು ದೂರ ಹೋಗಲಾರವಾದ್ದರಿಂದ ಲಂಡನ್ನಿನಿಂದ ಭಾರತಕ್ಕೆ ಬರುವ ಇಂಪೀರಿಯಲ್ ಏರ್‌ವೇಸ್‌ನ ಪ್ರಯಾಣಿಕರು ಶಾರ್ಜಾದ ಮರಳಿನಲ್ಲಿ 1932ರಲ್ಲಿ ಕಟ್ಟಿದ ಕೋಟೆಯಂತಹ ತಂಗುದಾಣದಲ್ಲಿ ಇಳಿದು ಉಂಡು ಮಲಗುತ್ತಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಟಾಟಾ ಸಂಸ್ಥೆಯ ಅಂಚೆ ವಿಮಾನ ಕರಾಚಿಯಿಂದ ಬೊಂಬಾಯಿ, ಬಳ್ಳಾರಿಗಳ ಮೂಲಕ ಮದ್ರಾಸಿಗೆ ಹಾರಿತು; ಆದರೆ ಬಳ್ಳಾರಿಯಲ್ಲಿ ಇಳಿದದ್ದು ಮುಖ್ಯವಾಗಿ ಅಂಚೆಚೀಲ. ಐರ್ಲೆಂಡಿನ ಫಾಯ್ನೆಸ್ ಎಂಬ ಜಲವಿಮಾನ ನಿಲ್ದಾಣದ ಉಪಾಹಾರ ಗೃಹ ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಳಿಯಲ್ಲಿ ನಡುಗುವ ಪ್ರಯಾಣಿಕರಿಗೆ ವಿಸ್ಕಿ ಬೆರೆಸಿದ ಕಾಫಿಯನ್ನು ಕೊಟ್ಟು ಹೆಸರಾಯಿತು, ಅದರ ನೆರೆಯ ಶ್ಯಾನನ್ ನಿಲ್ದಾಣದಲ್ಲಿ 1947ರಲ್ಲಿ ಸುಂಕವಿಲ್ಲದ ಅಂಗಡಿ ಎಂಬ ಹೊಸ ವ್ಯಾಪಾರ ಹುಟ್ಟಿತು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಬೊಂಬಾಯಿಯಿಂದ ಕೈರೋ, ಜಿನೀವಾಗಳಲ್ಲಿ ಇಳಿದು ಲಂಡನ್ನಿಗೆ ಹೋದಾಗಲೂ ಪರಿಸ್ಥಿತಿ ಇಷ್ಟೇ. ದಾರಿಯ ನಿಲ್ದಾಣವೇ ಊಟದ ನಿಲ್ದಾಣ, ಜೋಲಾರ್‌ಪೇಟೆಯ ಹಾಗೆ. ಜೆಟ್ ವಿಮಾನಗಳು ಬಂದು ನಡುವಿನ ನಿಲುಗಡೆಗಳು ತಪ್ಪಿದ ಮೇಲೆ ಊಟ ವಿಮಾನದ ಒಳಗೆ ಹೋಯಿತು, ನಿಲ್ದಾಣದ ಊಟದ ಕೋಣೆ ಹೊರಡುವ ತುದಿಗೆ ಸರಿಯಿತು.

ಕೋಲಾರದ ಕಡೆಯವರಿಗೆ ಆ ತುದಿ ಬಹುಕಾಲ ಮದ್ರಾಸಿನ ಮೀನಂಬಾಕ್ಕಂ ಅಥವಾ ಬೊಂಬಾಯಿಯ ಸಾಂತಾಕ್ರೂಜ್ ಆಗಿತ್ತು. 1964ರಲ್ಲಿ ಬೃಂದಾವನ ಎಕ್ಸ್‌ಪ್ರೆಸ್ ಓಡತೊಡಗಿದ ಮೇಲೆ ಬೆಂಗಳೂರಿನ ಕಡೆಯಿಂದ ಮದ್ರಾಸು ಹಗಲು ಗಾಡಿಯ ದೂರವಾಯಿತು. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್‌ಗೆ ಸೇರಿದ ಹಳೆಯ ವಿಮಾನ ನಿಲ್ದಾಣಕ್ಕೆ ಪರದೇಶದ ವಿಮಾನಗಳು ಬರತೊಡಗಿದ್ದು 1990ರ ದಶಕದ ಕೊನೆಯಲ್ಲಿ, ಯೂರೋಪಿಗೆ ನೇರ ಹಾರಾಟ ಸಿಕ್ಕಿದ್ದು 2001ರಲ್ಲಿ ಲುಫ್ತಾನ್ಸಾ ಫ್ರಾಂಕ್‌ಫರ್ಟಿನ ದಾರಿ ತೆರೆದಾಗ. ಕಾಕತಾಳೀಯವಾಗಿ ಅದೇ 2001ರ ಫೆಬ್ರವರಿ 28ರಂದು, ಆ ವೇಳೆಗೆ ಕೋಲಾರದ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಅವನ್ನು ಮುಚ್ಚಿತು, 3,200 ಮೀಟರ್ ಆಳ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯ ಲಿಫ್ಟುಗಳು ನಿಂತವು, ರಾಬರ್ಟ್‌ಸನ್‌ಪೇಟೆಯ ಸಾವಿರಾರು ಜನ ಮಾರಿಕುಪ್ಪಂ ಗಾಡಿಯಲ್ಲಿ ನಿತ್ಯ ಬೆಂಗಳೂರಿಗೆ ಹೋಗಿಬರುವವರಾದರು. ಗಣಿಯ ಮನೆತನಗಳ ಮುಂದಿನ ತಲೆಮಾರು ದೂರದೇಶದ ಕೆಲಸ ಹುಡುಕಿದಾಗ ಹಳೆಯ ನಿಲ್ದಾಣದ ಇಕ್ಕಟ್ಟಿನ ಕಟ್ಟಡವೇ ಅವರ ಬಾಗಿಲಾಯಿತು. ಬೀಳ್ಕೊಡಲು ಬಂದವರು ಟಿಕೆಟು ಕೊಂಡು ಒಳಗೆ ಬರುವ ಕ್ರಮ ಭಾರತದ ವಿಮಾನ ನಿಲ್ದಾಣಗಳಲ್ಲಿ ಆಗ ಸಾಮಾನ್ಯವಾಗಿದ್ದರಿಂದ, ಒಬ್ಬರು ಹೊರಡುವಾಗ ಹತ್ತು ಜನ ಸುತ್ತ ನಿಂತು, ಕಾಫಿ ಕುಡಿದು, ಹಾರ ಹಾಕಿ ಕಳಿಸುವ ಮನೆಯ ಪದ್ಧತಿ ನಿಲ್ದಾಣದೊಳಗೂ ಕೆಲಕಾಲ ಉಳಿಯಿತು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ತೆರೆದಾಗ ಈ ಪದ್ಧತಿ ಗಾಜಿನ ಬಾಗಿಲಿನ ಹೊರಗೆ ಉಳಿದುಹೋಯಿತು. ಭದ್ರತೆಯ ಕಟ್ಟುನಿಟ್ಟು ಜಗತ್ತಿನೆಲ್ಲೆಡೆ ಹೆಚ್ಚಿ, ಅಂತಾರಾಷ್ಟ್ರೀಯ ಪ್ರಯಾಣಿಕರು ಮೂರು ಗಂಟೆ ಮುಂಚೆ ಬರಬೇಕೆಂಬುದು ವಾಡಿಕೆಯಾಯಿತು; 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವಸ್ಫೋಟಕದ ಸಂಚು ಬಯಲಾದ ಮೇಲೆ 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವವನ್ನು ಕೈಚೀಲದಲ್ಲಿ ಒಯ್ಯಬಾರದೆಂಬ ನಿಯಮ ಬಂದು, ನೀರಿನ ಶೀಶೆ, ತುಪ್ಪದ ಡಬ್ಬಿ, ಎಣ್ಣೆ ತೇಲುವ ಉಪ್ಪಿನಕಾಯಿ ತಪಾಸಣೆಯ ಮೇಜಿನ ಮೇಲೆ ಸಿಕ್ಕಿಬೀಳತೊಡಗಿದವು. ಹೀಗೆ ಕಾಯುವ ಹೊತ್ತು ಹೆಚ್ಚಿತು, ಜೊತೆಗೆ ತರಬಹುದಾದದ್ದು ಕಡಿಮೆಯಾಯಿತು. ಕುಳಿತು ಉಣ್ಣುವ ಉಪಾಹಾರ ಗೃಹಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇರೊಂದಿಲ್ಲ. ಯೂರೋಪು, ಕೊಲ್ಲಿ ದೇಶಗಳ ಹಲವು ವಿಮಾನಗಳು ಭಾರತದಿಂದ ನಡುರಾತ್ರಿಯ ನಂತರ, ಬೆಳಗಾಗುವುದರೊಳಗೆ ಹೊರಡುವುದರಿಂದ ಈ ಊಟ ರಾತ್ರಿಯದ್ದೂ ಅಲ್ಲದ ಬೆಳಗಿನದ್ದೂ ಅಲ್ಲದ ಹೊತ್ತಿಗೆ ಬೀಳುತ್ತದೆ. ಮಧ್ಯರಾತ್ರಿಯಲ್ಲಿ ಮಸಾಲೆ ದೋಸೆಯೂ ಪಾಸ್ತಾವೂ ಅಕ್ಕಪಕ್ಕದ ಮೇಜುಗಳಿಗೆ ಬರುವ ದೃಶ್ಯ ಊರ ಹೋಟೆಲುಗಳಲ್ಲಿ ಕಾಣಸಿಗದು.

ಬೆಲೆಯ ವಿಷಯಕ್ಕೂ ಒಂದು ಲೆಕ್ಕವಿದೆ. ವಿಮಾನ ಇಳಿಸುವುದಕ್ಕೆ, ನಿಲ್ಲಿಸುವುದಕ್ಕೆ, ಪ್ರಯಾಣಿಕರ ಬಳಕೆಗೆ ನಿಲ್ದಾಣ ವಸೂಲು ಮಾಡುವ ಶುಲ್ಕವನ್ನು 2009ರಲ್ಲಿ ಸ್ಥಾಪನೆಯಾದ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡುತ್ತದೆ. ಅಂಗಡಿ, ಊಟ, ಜಾಹೀರಾತು, ವಾಹನ ನಿಲುಗಡೆಗಳಿಂದ ಬರುವ ಹಣ ಈ ನಿಯಂತ್ರಣದ ಹೊರಗಿನದು, ಅದರ ನೂರಕ್ಕೆ 30 ಭಾಗವನ್ನು ಮಾತ್ರ ಶುಲ್ಕವನ್ನು ಇಳಿಸುವುದಕ್ಕೆ ಲೆಕ್ಕ ಹಿಡಿಯುವ ಕ್ರಮವಿದೆ. ಹೀಗಾಗಿ ನಿಲ್ದಾಣದ ಒಡೆಯರಿಗೆ ಉಪಾಹಾರ ಗೃಹ ಆದಾಯದ ಮುಖ್ಯ ಬಾಬುಗಳಲ್ಲೊಂದು. ಉಪಾಹಾರ ಗೃಹದವರು ತಮ್ಮ ವಹಿವಾಟಿನ ಪಾಲನ್ನು ನಿಲ್ದಾಣಕ್ಕೆ ಕಟ್ಟಿ, ಪ್ರತಿ ಪಾತ್ರೆಯನ್ನೂ ಪ್ರತಿ ಕೆಲಸಗಾರನನ್ನೂ ಭದ್ರತಾ ತಪಾಸಣೆಯ ಮೂಲಕ ಒಳತಂದು, ಇಪ್ಪತ್ತನಾಲ್ಕು ಗಂಟೆ ಒಲೆ ಉರಿಸಿ ಬೆಲೆ ಕಟ್ಟುತ್ತಾರೆ. ದರಪಟ್ಟಿ ನೋಡಿ ಬೆಚ್ಚುವವರ ದೂರು ನ್ಯಾಯವೇ ಆದರೂ ಅದರ ಕಾರಣ ಅಡುಗೆಯವನ ಆಸೆಬುರುಕುತನದಲ್ಲಿಲ್ಲ. 2024ರ ಡಿಸೆಂಬರಿನಲ್ಲಿ ಕೋಲ್ಕತ್ತಾದಲ್ಲಿಯೂ, ಮುಂದಿನ ವರ್ಷದ ಆರಂಭದಲ್ಲಿ ಚೆನ್ನೈಯಲ್ಲಿಯೂ ಸರ್ಕಾರ ‘ಉಡಾನ್ ಯಾತ್ರಿ ಕೆಫೆ’ ಎಂಬ ಹೆಸರಿನಲ್ಲಿ 10 ರೂಪಾಯಿಗೆ ಚಹಾ, 20 ರೂಪಾಯಿಗೆ ಸಮೋಸಾ ಕೊಡುವ ಕಟ್ಟೆಗಳನ್ನು ತೆರೆದದ್ದು, ರೈಲ್ವೆಯವರು ಹಿಂದೆ ಅಗ್ಗದ ಜನತಾ ಊಟವನ್ನು ತಂದದ್ದರ ಮರುಕಳಿಕೆಯಂತೆ ಕಾಣುತ್ತದೆ. ಆ ಕಟ್ಟೆಗಳ ಮುಂದೆ ನಿಂತು ತಿನ್ನಬೇಕು. ಕುಳಿತು ಉಣ್ಣುವವರ ಕೋಣೆ ಬೇರೆ.

2022ರ ನವೆಂಬರಿನಲ್ಲಿ ಉದ್ಘಾಟನೆಯಾದ, 2023ರ ಸೆಪ್ಟೆಂಬರ್ 12ರಿಂದ ಅಂತಾರಾಷ್ಟ್ರೀಯ ಹಾರಾಟಗಳನ್ನು ತನ್ನದಾಗಿಸಿಕೊಂಡ ದೇವನಹಳ್ಳಿಯ ಎರಡನೆಯ ಟರ್ಮಿನಲ್‌ನಲ್ಲಿ, ಬಿದಿರು ಮತ್ತು ತೂಗುಗಿಡಗಳ ನಡುವೆ, ಯಾರ ಹುಟ್ಟನ್ನೂ ಕೇಳುವ ಫಲಕವಿಲ್ಲ. ಹಳೆಯ ಎರಡು ಜರಡಿಗಳಲ್ಲಿ ಒಂದು ನಿಜಕ್ಕೂ ಹೋಗಿದೆ, ಮತ್ತು ಅದು ಹೋದದ್ದು ಸಣ್ಣ ಸಂಗತಿಯಲ್ಲ. ಇನ್ನೊಂದು ಜರಡಿ ಮಾತ್ರ ಹಿಂದಿಗಿಂತ ನಯವಾಗಿ ಹೆಣೆದುಕೊಂಡಿದೆ: ಮೇಲಿನ ದರ್ಜೆಯ ಟಿಕೆಟ್ಟಿನವರಿಗೂ ಕೆಲವು ಬ್ಯಾಂಕು ಕಾರ್ಡುಗಳವರಿಗೂ ಒಳಗೊಂದು ಲೌಂಜು, ಅಂದರೆ ಊಟ ಪಾನೀಯಗಳಿರುವ ಕಾಯುವ ಕೋಣೆ, ಹಣವುಳ್ಳ ಉಳಿದವರಿಗೆ ಉಪಾಹಾರ ಗೃಹ, ಇನ್ನುಳಿದವರಿಗೆ ಗೇಟಿನ ಬಳಿಯ ಕುರ್ಚಿ. ಬೀಳ್ಕೊಡಲು ಬಂದವರ ಜೊತೆ ಕುಳಿತು ಉಣ್ಣಬೇಕೆಂದರೆ ಒಂದನೆಯ ಟರ್ಮಿನಲ್‌ನ ಮುಂದಿನ ‘ಕ್ವಾಡ್’ ಎಂಬ ತೆರೆದ ಅಂಗಳವೇ ಗತಿ, ಏಕೆಂದರೆ ಗಾಜಿನ ಬಾಗಿಲನ್ನು ದಾಟಿದ ಮೇಲೆ ಊಟ ಪ್ರಯಾಣಿಕನದು ಮಾತ್ರ, ಕುಟುಂಬದ್ದಲ್ಲ. ಈ ದೃಷ್ಟಿಯಿಂದ ವಿಮಾನ ನಿಲ್ದಾಣದ ಉಪಾಹಾರ ಗೃಹ ರೈಲಿನ ಭೋಜನಶಾಲೆಗಿಂತಲೂ ಒಂಟಿಯಾದ ಜಾಗ.

ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಗಲದ ಸಣ್ಣ ಹಳಿಯೊಂದು ಬಿದ್ದಿತ್ತು, ಮುಂದಿನ ವರ್ಷಗಳಲ್ಲಿ ಅದು ಚಿಂತಾಮಣಿ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಮೂಲಕ ಯಲಹಂಕದವರೆಗೆ ಬೆಳೆಯಿತು. ದಶಕಗಳ ನಂತರ ಅದನ್ನು ದೊಡ್ಡ ಹಳಿಗೆ ಬದಲಿಸಿದರು, ಕೋಲಾರ ಮತ್ತು ಚಿಕ್ಕಬಳ್ಳಾಪುರಗಳ ನಡುವಿನ ಭಾಗ 2013ರಲ್ಲಿ ಸಿದ್ಧವಾಯಿತು. 2021ರ ಜನವರಿಯಲ್ಲಿ ಅದೇ ಹಳಿಯ ಮೇಲೆ ಕೆಂಪೇಗೌಡ ವಿಮಾನ ನಿಲ್ದಾಣದ ಹೆಸರಿನ ಪುಟ್ಟ ನಿಲುಗಡೆಯೊಂದು ತೆರೆಯಿತು. ನಕ್ಷೆಯ ಮೇಲೆ ನೋಡಿದರೆ ಬಂಗಾರಪೇಟೆ ಜಂಕ್ಷನ್ನಿಗೂ ವಿಮಾನ ನಿಲ್ದಾಣಕ್ಕೂ ಈಗ ಒಂದೇ ಹಳಿ. ಆದರೂ ಗಾಡಿಗಳು ವಿರಳವಾದ್ದರಿಂದಲೂ, ವಿಮಾನಗಳ ವೇಳೆ ನಡುರಾತ್ರಿಯದ್ದಾದ್ದರಿಂದಲೂ, ಭಾರದ ಪೆಟ್ಟಿಗೆಗಳಿರುವುದರಿಂದಲೂ ರಾಬರ್ಟ್‌ಸನ್‌ಪೇಟೆಯಿಂದ ಪರದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ಸಂಜೆಗೇ ಮನೆಯಲ್ಲಿ ಉಂಡು ಬಾಡಿಗೆ ಕಾರು ಹಿಡಿಯುತ್ತಾರೆ. ತಪಾಸಣೆಯ ನಿಯಮ ದ್ರವವನ್ನು ತಡೆಯುತ್ತದೆಯೇ ಹೊರತು ಗಟ್ಟಿ ತಿನಿಸನ್ನು ತಡೆಯುವುದಿಲ್ಲ. ಆದ್ದರಿಂದ ಚಪಾತಿ, ಪುಳಿಯೋಗರೆ, ಎಣ್ಣೆ ಸವರಿದ ಇಡ್ಲಿಗಳ ಪೊಟ್ಟಣ ಯಂತ್ರದ ಪಟ್ಟಿಯ ಮೇಲೆ ನಿರಾತಂಕವಾಗಿ ಸಾಗಿ ಒಳಗೆ ಬರುತ್ತದೆ, ಉಪಾಹಾರ ಗೃಹದ ಎದುರಿನ ಕುರ್ಚಿಗಳಲ್ಲೇ ಬಿಚ್ಚಿಕೊಳ್ಳುತ್ತದೆ, ಮತ್ತು ಅಲ್ಲಿ ಕುಳಿತು ಅದನ್ನು ತಿನ್ನುವವರನ್ನು ಎಬ್ಬಿಸುವ ಅಧಿಕಾರ ಯಾರಿಗೂ ಇಲ್ಲ.